ಅರ್ಧ ಗೋಡೆ ಉಳಿಸಿಕೊಂಡಿದ್ದೇವೆ

ಡೊಂಬಿವಲಿ, ಭಾನುವಾರ

ಪ್ರೀತಿಯ ಅಪ್ಪಯ್ಯ ಮತ್ತು ಅಮ್ಮನಿಗೆ ನಮಸ್ಕಾರ.

ಅಡುಗೆಮನೆ ಗೋಡೆ ಒಡೆಸಿದೆವು ಅಂತ ಫೋನಿನಲ್ಲಿ ಹೇಳಿದ ಕೂಡಲೇ ಅಪ್ಪಯ್ಯನ ಮಾತೇ ನಿಂತುಹೋಯಿತು. ಆ ಗಾಬರಿ ನನಗೆ ಗೊತ್ತಾಗುತ್ತದೆ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಅಪ್ಪಯ್ಯ, ನಮ್ಮ ಊರಿನ ಮನೆ ನಿಂತಿರುವುದೇ ಕೆಂಪುಕಲ್ಲಿನ ಗೋಡೆಗಳ ಮೇಲೆ. ಮಾಡಿನ ಭಾರವೆಲ್ಲ ಅವಕ್ಕೇ. ಇಲ್ಲಿ ಹಾಗಲ್ಲ. ನಮ್ಮ ಕಟ್ಟಡದ ಭಾರ ಹೊರುವುದು ಕಾಂಕ್ರೀಟಿನ ಕಂಬ ಮತ್ತು ಬೀಮು. ಹಾಲ್‌ಗೂ ಅಡುಗೆಮನೆಗೂ ನಡುವೆ ಇದ್ದದ್ದು 4.5 ಇಂಚಿನ ಇಟ್ಟಿಗೆ ಗೋಡೆ, ಬರೀ ಮರೆಗೆ ಕಟ್ಟಿದ್ದು. ಹಾಗಂತ ಎಲ್ಲ ಕಡೆ ಒಡೆಯುವ ಹಾಗಿಲ್ಲ. ಮುಂಬೈ ಕಡೆಯ ಹಳೇ ಕಟ್ಟಡಗಳಲ್ಲಿ ಗೋಡೆಯೇ ಭಾರ ಹೊರುವುದೂ ಉಂಟು. ಒಬ್ಬ ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿ, "ಏನೂ ಆಗಲ್ಲ" ಅಂದ. ನಾವು ನಂಬಲಿಲ್ಲ. ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಅವರು ಕಟ್ಟಡದ ನಕ್ಷೆ ನೋಡಿ, ಈ ಗೋಡೆ ಒಡೆಯಬಹುದು ಅಂತ ಬರೆದುಕೊಟ್ಟರು. ಆ ಕಾಗದ ತೋರಿಸಿ, ಕಟ್ಟಡದ ಸೊಸೈಟಿಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಕೈಗೆ ಬಂದ ಮೇಲೆಯೇ ಸುತ್ತಿಗೆ ಎತ್ತಿದ್ದು.

ಒಂದು ತಪ್ಪು ಮಾತ್ರ ಮಾಡಿದೆವು. ಮಿಕ್ಸಿ, ಫ್ರಿಜ್‌ನ ಸ್ವಿಚ್‌ಬೋರ್ಡ್ ಇದ್ದದ್ದು ಅದೇ ಗೋಡೆಯಲ್ಲಿ. ಹಿಂದಿನ ರಾತ್ರಿ ನೆನಪಾಯಿತು! ವಯರ್ ಪಕ್ಕದ ಗೋಡೆಗೆ ತಿರುಗಿಸಲು 3 ದಿನ ಹೋಯಿತು. ಅಷ್ಟೂ ದಿನ ಫ್ರಿಜ್ ನಮ್ಮ ಮಲಗುವ ಕೋಣೆಯಲ್ಲಿತ್ತು. ಗ್ಯಾಸ್ ಪೈಪು ಪುಣ್ಯಕ್ಕೆ ಕಿಟಕಿ ಕಡೆ ಇದೆ, ಅದನ್ನು ಮುಟ್ಟಲೇ ಇಲ್ಲ. ಒಡೆದ ಇಟ್ಟಿಗೆ 20 ಚೀಲ ಆಯಿತು.

ಅಮ್ಮ, ನೀನು ಕೇಳಿದ್ದು ಒಗ್ಗರಣೆ ಘಾಟು ಹಾಲ್‌ಗೆ ಬರಲ್ವಾ ಅಂತ. ಸ್ವಲ್ಪ ಬರುತ್ತದೆ. ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ ಹಾಕಿಸೋಣ ಅಂತ ಹೋದರೆ, ಅಂಗಡಿಯಲ್ಲಿ ಮೊದಲು ಪೈಪ್ ಇಲ್ಲದ್ದನ್ನು ತೋರಿಸಿದರು. ಅದು ಹೊಗೆಯನ್ನು ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಮತ್ತೆ ಮನೆಯೊಳಗೇ ಬಿಡುತ್ತದೆ. ನಮ್ಮ ಕರಿಯುವ, ಹುರಿಯುವ ಅಡುಗೆಗೆ ಅದು ಸಾಲದು. 6 ಇಂಚಿನ ಪೈಪು ಹಾಕಿಸಿ ಹೊಗೆಯನ್ನು ಹೊರಗೇ ಬಿಡಿಸಿದೆವು. ಪೈಪು ಗಿಡ್ಡ ಇದ್ದಷ್ಟೂ, ತಿರುವು ಕಡಿಮೆ ಇದ್ದಷ್ಟೂ ಚೆನ್ನಾಗಿ ಎಳೆಯುತ್ತದೆ. ಅದಕ್ಕೇ ಒಲೆಯನ್ನು ಕಿಟಕಿ ಪಕ್ಕದಿಂದ ಕದಲಿಸಲಿಲ್ಲ. ಆದರೂ ಬಂಗುಡೆ ಹುರಿದ ದಿನ ಸೋಫಾದವರೆಗೆ ವಾಸನೆ ಹೋಗುತ್ತದೆ.

ಗೋಡೆ ಪೂರ್ತಿ ತೆಗೆಸಿಲ್ಲ. 42 ಇಂಚು ಉಳಿಸಿ, ಮೇಲೆ ಗ್ರಾನೈಟ್ ಹಾಸಿದ್ದೇವೆ. ಅಡುಗೆಕಟ್ಟೆ 34 ಇಂಚು. ಹಾಗಾಗಿ ಕಟ್ಟೆ ಮೇಲಿನ ಎಂಜಲು ಪಾತ್ರೆ ಹಾಲ್‌ನಲ್ಲಿ ಕೂತವರಿಗೆ ಕಾಣುವುದಿಲ್ಲ. ನಿನಗೆ ಅದೇ ಚಿಂತೆ ಇತ್ತು, ಅಲ್ವಾ? ಹಾಲ್‌ನ ದೊಡ್ಡ ಕಿಟಕಿಯ ಬೆಳಕು ಈಗ ಒಳಗಿನ ಮೂಲೆಯವರೆಗೆ ಬರುತ್ತದೆ. ಹಗಲು ಲೈಟ್ ಹಾಕುವುದೇ ಇಲ್ಲ.

ನಿಜವಾಗಿ ಈ ಕೆಲಸಕ್ಕೆ ಕೈ ಹಾಕಿದ್ದು ಯಾಕೆ ಅಂತ ಈಗ ಹೇಳುತ್ತೇನೆ. ಹೋದ ವರ್ಷ ನೀನು ಬಂದಾಗ ಒಂದು ಭಾನುವಾರ ಅಣ್ಣನ ಮನೆಯವರೆಲ್ಲ ಬಂದಿದ್ದರು. 6 ಅಡಿಗೆ 8 ಅಡಿಯ ಆ ಗೂಡಿನಲ್ಲಿ ನೀನೊಬ್ಬಳೇ ನೀರುದೋಸೆ ಹೊಯ್ಯುತ್ತಿದ್ದೆ. ಹಾಲ್‌ನಲ್ಲಿ ಎಲ್ಲರೂ ನಕ್ಕರು. ನೀನು ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು "ಏನಂತೆ, ಏನಂತೆ?" ಅಂದೆ. ಅಷ್ಟರಲ್ಲಿ ಮಾತು ಮುಗಿದಿತ್ತು. ಯಾರೂ ಮತ್ತೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕಾವಲಿ ಕಾದಿದೆ ಅಂತ ನೀನು ಒಳಗೆ ಹೋದೆ. ಊರಲ್ಲಿ ಸೌದೆ ಒಲೆ, ಹೊಗೆ ತಡೆಯಲು ಗೋಡೆ ಬೇಕಿತ್ತು. ಇಲ್ಲಿ ಹೊಗೆ ಹೋಗಲು ಪೈಪಿದೆ. ಮತ್ತೆ ನಿನ್ನನ್ನು ಯಾಕಮ್ಮ ಒಳಗೆ ಇಡಬೇಕು?

ಮಳೆ ಮುಗಿದ ಮೇಲೆ ಇಬ್ಬರೂ ಬನ್ನಿ. ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಬೆಳಗಿನ ಜಾವ ಠಾಣೆಯಲ್ಲಿ ಇಳಿಯಿರಿ. ನಾನೇ ಬಂದು ಲೋಕಲ್‌ನಲ್ಲಿ ಕರೆದುಕೊಂಡು ಬರುತ್ತೇನೆ. ಅರ್ಧ ಗೋಡೆಯ ಈಚೆ ಕೂರಲು ಅಪ್ಪಯ್ಯನಿಗೆ ಎತ್ತರದ ಸ್ಟೂಲು ತಂದಿಟ್ಟಿದ್ದೇನೆ. ಅಮ್ಮ, ನಿನ್ನ ಬೀಡಿನ ಕಾವಲಿ ಮರೆಯಬೇಡ.

ನಿಮ್ಮ ಮಗಳು