ರವಿವಾರ ಏನ್ ಕೇಳೂದು ಅಂದ್ರ
ನಮಸ್ಕಾರ್ರೀ ಎಲ್ಲಾರಿಗೂ, ರವಿವಾರ ಸಂಜಿಮುಂದ ಸಂಗೀತ ಕೇಳಾಕ ಧಾರವಾಡದಾಗ ಕೂಡೂದೈತಲ್ಲ, ಈ ಸಲ ಹೋಟೆಲ್ ಲಿಫ್ಟ್‌ನ್ಯಾಗ ಹಚ್ಚೂವಂಥ ನುಣ್ಣನ ಸ್ಯಾಕ್ಸೋಫೋನ್ ಬ್ಯಾಡ, ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಮ್ ಕೇಳೂಣು. 1960ರ ಡಿಸೆಂಬರ್‌ದಾಗ ರೆಕಾರ್ಡ್ ಆಗಿದ್ದು, ಸುಮಾರು 37 ನಿಮಿಷ ಒಂದ ಓಟ. ನಾಕ್ ನಾಕ್ ಮಂದಿದು ಎರಡು ತಂಡ, ಸ್ಟೀರಿಯೋದಾಗ ಎಡಕ್ಕ ಕೋಲ್ಮನ್ ಸ್ಯಾಕ್ಸು, ಬಲಕ್ಕ ಎರಿಕ್ ಡಾಲ್ಫಿದು ಬಾಸ್ ಕ್ಲಾರಿನೆಟ್ (ದಪ್ಪ ದನಿಯ ಊದೂ ವಾದ್ಯ), ಎರಡೂ ಕಡೆ ಒಂದೊಂದು ಡ್ರಮ್ಸು, ಹಿಂಗಾಗಿ ಮೊಬೈಲ್ ಸ್ಪೀಕರ್‌ನ್ಯಾಗ ಕೇಳಿದ್ರ ಬರೇ ಗದ್ದಲ ಅನಸ್ತೈತಿ, ಹೆಡ್‌ಫೋನ್ ಹಾಕ್ಕೊಂಡು ಒಮ್ಮೆ ಎಡಗಿವಿಯಾಗಿಂದಷ್ಟ ಹಿಡಕೊಂಡು ಕೇಳಿ ಬರ್ರಿ. ಮಲ್ಲಿಕಾರ್ಜುನ ಮನ್ಸೂರ ಅಣ್ಣಾವ್ರ ಅಪರೂಪದ ಜೋಡರಾಗ (ಎರಡು ರಾಗ ಕೂಡಿಸಿದ್ದು) ಕೇಳಿದ ಮಂದಿ ನಾವು, ಇದಕ್ಕೇನ್ ಹೆದರೂದು? (ಮೊದಲ ಹತ್ತು ನಿಮಿಷ ತಲಿ ಕೆಟ್ರ ನನಗ ಬೈಬ್ಯಾಡ್ರಿ.) ಮಿರ್ಚಿ, ಚಾ ನಂದು, ಛಲೋ ಸ್ಟೀರಿಯೋ ಸ್ಪೀಕರ್ ಇದ್ದವ್ರು ಯಾರರ ತರ್ರಿ, ತರಾವ್ರು ಇಲ್ಲೇ ಹೇಳ್ರಿ.