ಇವತ್ತಿನ ರೇಖೆ, ಯಾವತ್ತಿನ ಬೆಳಕು?

ಸಾಗರ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಗ್ರಾಫ್ ನೋಡಿದೆ. ನಡುವೆ ಕಪ್ಪುಕುಳಿ ಇರುವ ಎನ್‌ಜಿಸಿ 5548 ಗ್ಯಾಲಕ್ಸಿಯ ಹಳೆಯ ರೋಹಿತಗಳನ್ನು (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ತೆಗೆದುಕೊಂಡು, ಪ್ರತಿ ರಾತ್ರಿಯ ಹೆಚ್-ಬೀಟಾ ಎಂಬ ಜಲಜನಕದ ರೇಖೆಯನ್ನು ಅದೇ ರಾತ್ರಿಯ ಕಂಟಿನ್ಯುಅಮ್‌ನಿಂದ, ಅಂದರೆ ರೇಖೆಯ ಅಡಿಯ ಸಪಾಟು ಬೆಳಕಿನಿಂದ, ಭಾಗಿಸಿ, ಬಂದ ಈಕ್ವಿವಲೆಂಟ್ ವಿಡ್ತನ್ನು ಪ್ರಕಾಶದ ಎದುರು ಹಾಕಿದ್ದೀಯ. ಗೆರೆ ಚೆಂದವಾಗಿ ಕೆಳಗಿಳಿದಿದೆ. ಬಾಲ್ಡ್‌ವಿನ್ ಪರಿಣಾಮ ಸಿಕ್ಕಿತು ಅಂತ ಬರೆದಿದ್ದೀಯ. ಅಷ್ಟು ಸಲೀಸಾಗಿ ಸಿಗುವುದಲ್ಲ ಅದು.

ಬಾಲ್ಡ್‌ವಿನ್ 1977ರಲ್ಲಿ ಹೇಳಿದ್ದು ಬೇರೆ ಬೇರೆ ಕ್ವೇಸಾರ್‌ಗಳ (ಕಪ್ಪುಕುಳಿಯಿಂದಾಗಿ ಬೆಳಗುವ ಅತಿ ಪ್ರಖರ ಗ್ಯಾಲಕ್ಸಿ ಕೇಂದ್ರಗಳ) ವಿಚಾರ. ಪ್ರಕಾಶ ಹೆಚ್ಚಿರುವ ಕ್ವೇಸಾರ್‌ಗಳಲ್ಲಿ 1549 ಆಂಗ್‌ಸ್ಟ್ರಾಮ್ ತರಂಗಾಂತರದ ಕಾರ್ಬನ್ ರೇಖೆ, ತನ್ನ ಕಂಟಿನ್ಯುಅಮ್‌ಗೆ ಹೋಲಿಸಿದರೆ, ಸೊರಗಿರುತ್ತದೆ. ನಿನ್ನ ಕೈಲಿರುವುದು ಒಂದೇ ಗ್ಯಾಲಕ್ಸಿಯ ಹಲವು ರಾತ್ರಿಗಳು. ಒಂದೇ ಕಾಯದಲ್ಲೂ ಅಂಥ ಇಳಿಕೆ ನಿಜವಾಗಿಯೇ ಇದೆ, ಇನ್ನೂ ಕಡಿದಾಗಿಯೇ ಇದೆ. ಆದರೆ ನಿನ್ನ ಗೆರೆಯಲ್ಲಿ ಎಷ್ಟು ಪಾಲು ನಿಸರ್ಗದ್ದು, ಎಷ್ಟು ಪಾಲು ನಿನ್ನ ಭಾಗಾಕಾರದ್ದು ಅಂತ ಬೇರ್ಪಡಿಸದೆ ಏನೂ ಹೇಳುವಂತಿಲ್ಲ.

ಕಪ್ಪುಕುಳಿಯ ಸುತ್ತಲ ಬಿಸಿ ಅನಿಲದ ತಟ್ಟೆ (ಕಂಟಿನ್ಯುಅಮ್ ಬರುವುದು ಅದರಿಂದಲೇ) ಇವತ್ತು ಬೆಳಗಿದರೆ ಆ ಸುದ್ದಿ ಹೆಚ್-ಬೀಟಾ ಸೂಸುವ ಅನಿಲಕ್ಕೆ ಮುಟ್ಟಿ ನಮ್ಮ ಕಡೆ ತಿರುಗುವಾಗ ದಿನಗಳು ಕಳೆದಿರುತ್ತವೆ. ಈ ಗ್ಯಾಲಕ್ಸಿಯಲ್ಲಿ 1989ರಲ್ಲಿ ಆ ವಿಳಂಬ ಸುಮಾರು 20 ದಿನ. ಅಷ್ಟು ದಿನ ನಿನ್ನ ಛೇದ ಏರಿರುತ್ತದೆ, ಅಂಶ ಮಾತ್ರ ಹಳೆಯದೇ. ಈಕ್ವಿವಲೆಂಟ್ ವಿಡ್ತ್ ಇಳಿಯದೆ ಇನ್ನೇನು ಮಾಡೀತು? ಇನ್ನೊಂದು ತೊಡಕು: ಕಂಟಿನ್ಯುಅಮ್ ಅಡ್ಡ ಅಕ್ಷದಲ್ಲೂ ಇದೆ, ಲಂಬ ಅಕ್ಷದ ಛೇದದಲ್ಲೂ ಇದೆ. ಒಂದು ರಾತ್ರಿ ಅದು ಶೇ. 3 ಹೆಚ್ಚು ಅಂತ ತಪ್ಪಾಗಿ ಅಳೆದರೆ ಬಿಂದು ಬಲಕ್ಕೂ ಸರಿಯುತ್ತದೆ, ಕೆಳಕ್ಕೂ ಸರಿಯುತ್ತದೆ. ಬರೀ ಗದ್ದಲದಿಂದಲೇ ಇಳಿಜಾರು ಹುಟ್ಟುತ್ತದೆ.

ಮಳೆಗಾಲದ ಪೇಪರಿನಲ್ಲಿ ಮಳೆಯ ಪ್ರಮಾಣ, ಲಿಂಗನಮಕ್ಕಿಯ ಒಳಹರಿವು ಎರಡೂ ಬರುತ್ತವಲ್ಲ, ಅವನ್ನು ಪಕ್ಕಪಕ್ಕ ಇಟ್ಟು ನೋಡು. ಜಲಾಶಯದ ಅಂಚಿನಲ್ಲೇ ಬಿದ್ದ ಮಳೆ ಕೂಡಲೇ ಸೇರುತ್ತದೆ, ಅಂಬುತೀರ್ಥದ ಕಡೆ ಬಿದ್ದದ್ದು ಹೊಸನಗರ ದಾಟಿ ನಿಧಾನಕ್ಕೆ ಬರುತ್ತದೆ. ಒಂದೇ ದಿನದ ಜಡಿಮಳೆ ಒಳಹರಿವಿನಲ್ಲಿ ಅಗಲವಾದ, ತಗ್ಗಾದ ಏರಿಕೆಯಾಗಿ ಕಾಣುತ್ತದೆ. ರೇಖೆಯೂ ಹಾಗೆಯೇ. ನೀನು ಅಳೆಯುವ 20 ದಿನ ಹತ್ತಿರದ, ದೂರದ ಅನಿಲವೆಲ್ಲ ಸೇರಿದ ಸರಾಸರಿ. ಆದ್ದರಿಂದ ರೇಖೆಯ ಏರಿಳಿತ ಕಂಟಿನ್ಯುಅಮ್‌ನದಕ್ಕಿಂತ ಸಪಾಟಾಗಿರುತ್ತದೆ. ಅದನ್ನು ದೋಷ ಅಂದುಕೊಂಡು ತಿದ್ದಲು ಹೋಗಬೇಡ.

ಈಗ ಅಳತೆಯ ವಿಚಾರ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ತೆಳುಮೋಡ, ಸೀಯಿಂಗ್ (ಗಾಳಿಯ ಅಲುಗಾಟದಿಂದಾಗುವ ಮಸುಕು), ಸ್ಲಿಟ್ ಎಂಬ ಸಣ್ಣ ಸೀಳಿನಿಂದ ತಪ್ಪಿಸಿಕೊಂಡ ಬೆಳಕು ಇವೆಲ್ಲ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತವೆ. ಪ್ರಕಾಶ ಗೊತ್ತಿರುವ ಸ್ಟ್ಯಾಂಡರ್ಡ್ ನಕ್ಷತ್ರದಿಂದ ಮಾಡಿದ ಕ್ಯಾಲಿಬ್ರೇಷನ್‌ನಲ್ಲಿ ಶೇ. 10ರಷ್ಟು ತಪ್ಪು ಮಾಮೂಲು, ನೀನು ಹುಡುಕುತ್ತಿರುವ ಬದಲಾವಣೆಯೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ರೋಹಿತದ ಒಳಗೇ ಒಂದು ಅಳತೆಗೋಲು ಬೇಕು: 5007 ಆಂಗ್‌ಸ್ಟ್ರಾಮ್‌ನ ಆಮ್ಲಜನಕದ ಕಿರಿದಾದ ರೇಖೆ. ಅದನ್ನು ಸೂಸುವ ಅನಿಲ ಬಹಳ ದೂರದಲ್ಲಿ, ವಿಶಾಲವಾಗಿ ಹರಡಿದೆ. ಒಂದು ಋತುವಿನಲ್ಲಿ ಅದು ಬದಲಾಗದು. ದಶಕಗಳ ಡೇಟಾ ಒಟ್ಟಿಗೆ ಸೇರಿಸುವಾಗ ಮಾತ್ರ ಎಚ್ಚರ, 5548ರಲ್ಲಿ ಆ ರೇಖೆಯೂ ನಿಧಾನವಾಗಿ ಬದಲಾಗಿದೆ.

ರೆಡ್‌ಶಿಫ್ಟ್, ಅಂದರೆ ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ, 0.0172 ಇರುವುದರಿಂದ ನಿನ್ನ ರೋಹಿತದಲ್ಲಿ ಆ ರೇಖೆ 5093ರ ಹತ್ತಿರ ಇರುತ್ತದೆ, ಹೆಚ್-ಬೀಟಾ 4945ರ ಹತ್ತಿರ. ಒಳ್ಳೆಯ ರಾತ್ರಿಗಳ ರೋಹಿತಗಳನ್ನು ಸರಾಸರಿ ಮಾಡಿ ಒಂದು ಮಾದರಿ ಕಟ್ಟಿಕೋ. ಪ್ರತಿ ರಾತ್ರಿಯ ರೋಹಿತವನ್ನು ಸ್ವಲ್ಪ ಸರಿಸಿ, ಗುಣಿಸಿ, ಬೇಕಿದ್ದರೆ ಮಸುಕು ಮಾಡಿ, ಮಾದರಿಯಿಂದ ಕಳೆದಾಗ 5093ರಲ್ಲಿ ಏನೂ ಉಳಿಯದಂತೆ ಹೊಂದಿಸು. ಉಳಿದದ್ದರ ಆಕಾರವೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಒಂದು ಗುಡ್ಡ, ಪಕ್ಕದಲ್ಲೇ ಒಂದು ಗುಂಡಿ ಇದ್ದರೆ ತರಂಗಾಂತರ ಸರಿದಿದೆ. ನಡುವೆ ಗುಂಡಿ, ಎರಡೂ ಪಕ್ಕ ಗುಡ್ಡ ಇದ್ದರೆ, ಅಥವಾ ಅದರ ತಿರುವುಮುರುವಾದರೆ, ಮಸುಕಿನ ಪ್ರಮಾಣ ಹೊಂದಿಲ್ಲ. ಒಂಟಿ ಗುಡ್ಡವೋ ಒಂಟಿ ಗುಂಡಿಯೋ ಆದರೆ ಗುಣಕ ತಪ್ಪಿದೆ. ಪ್ರೋಗ್ರಾಂ ಕೊಟ್ಟ ಸಂಖ್ಯೆ ನಂಬಿ ಕೂರಬೇಡ, ಪ್ರತಿ ರಾತ್ರಿಯ ಶೇಷವನ್ನೂ ಕಣ್ಣಾರೆ ನೋಡು.

ಸ್ಲಿಟ್‌ನ ಅಗಲ, ರೋಹಿತ ತೆಗೆಯುವ ಕಿಂಡಿಯ ಉದ್ದ ಕೊನೆಯವರೆಗೂ ಒಂದೇ ಇರಬೇಕು. ಅದು ಬದಲಾದರೆ ಗ್ಯಾಲಕ್ಸಿಯ ನಕ್ಷತ್ರಗಳ ಬೆಳಕು ಒಳಗೆ ಬರುವ ಪಾಲೂ ಬದಲಾಗುತ್ತದೆ. 5548ರ ಕೇಂದ್ರ ಮಂಕಾದ ವರ್ಷಗಳಲ್ಲಿ 5100 ಆಂಗ್‌ಸ್ಟ್ರಾಮ್‌ನ ಬೆಳಕಿನಲ್ಲಿ ಅರ್ಧಕ್ಕೂ ಹೆಚ್ಚು ನಕ್ಷತ್ರಗಳದ್ದೇ. ಕಂಟಿನ್ಯುಅಮ್ ಗೆರೆ ಎಳೆಯಲು ಹೆಚ್-ಬೀಟಾದ ಆಚೆ ಈಚೆ 4842 ಮತ್ತು 5188ರ ಸುತ್ತ ಇಪ್ಪತ್ತು ಮೂವತ್ತು ಆಂಗ್‌ಸ್ಟ್ರಾಮ್ ಅಗಲದ ಜಾಗ ಹಿಡಿ. ಅಲ್ಲೂ ಕಬ್ಬಿಣದ ರೇಖೆಗಳು ಸ್ವಲ್ಪ ನುಸುಳಿರುತ್ತವೆ, ಈ ಗ್ಯಾಲಕ್ಸಿಯಲ್ಲಿ ಸಹಿಸಬಹುದಾದಷ್ಟು.

ವಿಳಂಬ ಕಂಡುಹಿಡಿಯುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಂಟಿನ್ಯುಅಮ್, ರೇಖೆ ಇವುಗಳ ಪೈಕಿ ಒಂದು ಸರಣಿಯನ್ನು ಸರಿಸುತ್ತಾ ಇನ್ನೊಂದರ ಜತೆ ಕ್ರಾಸ್-ಕೋರಿಲೇಷನ್ ಮಾಡು, ಅಂದರೆ ಎಷ್ಟು ಸರಿಸಿದಾಗ ಎಷ್ಟು ಹೊಂದುತ್ತವೆ ಅಂತ ನೋಡು. ಶಿಖರದ ಶೇ. 80ಕ್ಕಿಂತ ಮೇಲಿನ ಭಾಗದ ಕೇಂದ್ರಬಿಂದುವನ್ನು ತೆಗೆದುಕೋ, ಬರೀ ಶಿಖರವನ್ನಲ್ಲ. ದೋಷದ ಅಂದಾಜಿಗೆ ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಅಳತೆಯ ದೋಷದಷ್ಟು ಅಲುಗಾಡಿಸಿ, ಸಾವಿರಾರು ಸಲ ಅದೇ ಲೆಕ್ಕ ಮಾಡಿಸು. ಉತ್ತರ ಆರು ತಿಂಗಳು ಅಥವಾ ಒಂದು ವರ್ಷದ ಹತ್ತಿರ ಬಂದರೆ ಅನುಮಾನಪಡು, ಅದು ಮೋಡದ ತಿಂಗಳುಗಳ ಖಾಲಿ ಜಾಗ ಹುಟ್ಟಿಸಿದ ಸುಳ್ಳಿರಬಹುದು. 1988ರ ಡಿಸೆಂಬರ್‌ನಿಂದ ಎಂಟು ತಿಂಗಳು ನೇರಳಾತೀತ ಬೆಳಕು ನೋಡುವ ಐಯುಇ ಉಪಗ್ರಹ ನಾಲ್ಕು ದಿನಕ್ಕೊಮ್ಮೆ ಈ ಗ್ಯಾಲಕ್ಸಿಯನ್ನು ನೋಡಿತು. ಅಷ್ಟು ಬಿಗಿಯಾಗಿ ನೋಡಿದ್ದರಿಂದಲೇ ಫಲಿತಾಂಶ ಗಟ್ಟಿಯಾಯಿತು. ವಿಳಂಬದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬಿಟ್ಟು ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ.

ಆಮೇಲೆ ನಿನ್ನ ಗ್ರಾಫಿಗೆ ವಾಪಸ್ ಬಾ. ನಕ್ಷತ್ರಗಳ ಬೆಳಕು ಕಳೆದು, ಕಂಟಿನ್ಯುಅಮ್ ಸರಣಿಯನ್ನು ವಿಳಂಬದಷ್ಟು ಮುಂದಕ್ಕೆ ಸರಿಸಿ, ಎರಡರ ಲಾಗರಿದಮ್ ತೆಗೆದು ಹೊಸದಾಗಿ ಹಾಕು. ಭಾಗಿಸಬೇಡ, ರೇಖೆಯ ಫ್ಲಕ್ಸನ್ನೇ (ಬರುವ ಬೆಳಕಿನ ಪ್ರಮಾಣ) ಇಡು. ಇಳಿಜಾರು ಒಂದಕ್ಕಿಂತ ಕಡಿಮೆ ಬಂದರೆ ಆಗ ಪರಿಣಾಮ ನಿಜ. ಕಾರಣ ಎರಡು. ಒಳಗಿನ ಅನಿಲ ಆಗಲೇ ಪೂರ್ತಿ ಅಯಾನೀಕರಣಗೊಂಡಿದ್ದರೆ ಹೆಚ್ಚು ಬೆಳಕು ಬಿದ್ದರೂ ಅದಕ್ಕೆ ತಕ್ಕಷ್ಟು ರೇಖೆ ಹೆಚ್ಚದು. ಇನ್ನು ಅನಿಲ ಓಗೊಡುವುದು ತೀವ್ರ ನೇರಳಾತೀತಕ್ಕೆ, ನೀನು ಅಳೆಯುತ್ತಿರುವುದು ಹಸಿರು ಬೆಳಕನ್ನು. ಎರಡೂ ಒಂದೇ ಪ್ರಮಾಣದಲ್ಲಿ ಏರಿಳಿಯುವುದಿಲ್ಲ.

ಎಲ್ಲ ವರ್ಷಕ್ಕೂ 20 ದಿನವನ್ನೇ ಹಾಕಬೇಡ. ಕೇಂದ್ರ ಬೆಳಗಿದಾಗ ರೇಖೆ ಹೊರಗಿನ ಅನಿಲದಿಂದ ಹೆಚ್ಚು ಬರುತ್ತದೆ, ವಿಳಂಬ ಉದ್ದವಾಗುತ್ತದೆ, ರೇಖೆ ಕಿರಿದಾಗುತ್ತದೆ. 5548ರ ವಿಳಂಬ ವರ್ಷದಿಂದ ವರ್ಷಕ್ಕೆ ಕೆಲವೇ ದಿನಗಳಿಂದ ಸುಮಾರು ನಾಲ್ಕು ವಾರದವರೆಗೆ ಓಡಾಡಿದೆ. 2014ರಲ್ಲಂತೂ ಕೆಲವು ವಾರ ರೇಖೆಗಳು ಕಂಟಿನ್ಯುಅಮ್‌ನ ಮಾತೇ ಕೇಳಲಿಲ್ಲ, ಆಮೇಲೆ ಮತ್ತೆ ದಾರಿಗೆ ಬಂದವು. ಆದ್ದರಿಂದ ಒಂದು ಋತು ಹೊಂದದಿದ್ದರೆ ಅದನ್ನು ಎಸೆಯಬೇಡ, ಬೇರೆಯಾಗಿ ತೋರಿಸು.

ನಮ್ಮ ಅಂಗಳದಿಂದ ಎಂಟು ಇಂಚಿನ ದೂರದರ್ಶಕದಲ್ಲಿ ಏನಾದರೂ ಆಗುತ್ತದೆಯೇ ಅಂತ ಕೇಳಿದ್ದೀಯ. ರೋಹಿತ ಆಗದು, ಫೋಟೊಮೆಟ್ರಿ, ಅಂದರೆ ಬರೀ ಪ್ರಕಾಶದ ಅಳತೆ, ಆಗುತ್ತದೆ. 3ಸಿ 273 ಎಂಬ ಕ್ವೇಸಾರ್ ಹಿಡಿ, ಸುಮಾರು 13ನೇ ಕಾಂತಿಮಾನ. ಅದರ ಹೆಚ್-ಬೀಟಾ ವಿಳಂಬ ಐದು ತಿಂಗಳ ಹತ್ತಿರ, ಹಾಗಾಗಿ ವಾರಕ್ಕೊಂದು ಅಳತೆ ಧಾರಾಳ ಸಾಕು. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಮಳೆ, ಸೆಪ್ಟೆಂಬರ್ ಕೊನೆಗೆ ಸೂರ್ಯನೂ ಅದೇ ದಿಕ್ಕಿನಲ್ಲಿ. ಉಳಿಯುವುದು ಜನವರಿಯಿಂದ ಮೇವರೆಗೆ. ಜನವರಿಯ ಇಬ್ಬನಿಗೆ ಮಸೂರದ ಸುತ್ತ ಹೀಟರ್ ಪಟ್ಟಿ ಕಟ್ಟದಿದ್ದರೆ ನಡುರಾತ್ರಿಯ ಹೊತ್ತಿಗೆ ಎಲ್ಲವೂ ಮಂಕಾಗಿ ಕಾಣುತ್ತದೆ. ಹಸಿರು-ಹಳದಿ ಬೆಳಕಿನ ವಿ ಫಿಲ್ಟರ್ ಒಂದೇ ಸಾಕು, ಹೋಲಿಕೆಯ ನಕ್ಷತ್ರಗಳನ್ನು ಮಾತ್ರ ಬದಲಿಸಬೇಡ.

ಮುಂದಿನ ಸಲ ಚಿತ್ರ ಬೇಡ, ಮೂರು ಕಾಲಂನ ಎರಡು ಫೈಲ್ ಕಳಿಸು: ಜೂಲಿಯನ್ ದಿನ, ಫ್ಲಕ್ಸ್, ದೋಷ. ಜತೆಗೆ 5093ರ ಶೇಷ ಅತಿ ಕೆಟ್ಟದಾಗಿ ಬಂದ ಐದು ರಾತ್ರಿಗಳ ರೋಹಿತ ಇರಲಿ, ಮೊದಲು ಅವನ್ನೇ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ