ಬೆಳಕಿಗೆ ಬೆನ್ನು ಹಾಕಿ ಕೂತವನು

ಮಂಜು,

ಮದುವೆ ಮನೆಗಳಲ್ಲಿ ಕ್ಯಾಮೆರಾ ಹಿಡಿದು ಎಲ್ಲರಿಗೂ ಬೈಯುತ್ತಿರುತ್ತೀಯಲ್ಲ, "ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡ್ರೀ, ಮುಖ ಕಪ್ಪಾಗುತ್ತೆ" ಅಂತ? ಅದೇ ತಪ್ಪನ್ನು ಬೇಕಂತಲೇ ಮಾಡಿದ ಒಬ್ಬ ಡಚ್ ಹುಡುಗನ ಸುದ್ದಿ ಹೇಳ್ತೀನಿ ಕೇಳು. ಚಿತ್ರಕಾರ ರೆಂಬ್ರಾಂಟ್. 1629ರ ಸುಮಾರಿಗೆ ಲೈಡನ್‌ನಲ್ಲಿ ಕೂತು 'ಎಮ್ಮಾಹುವಿನ ಊಟ' ಅನ್ನೋ ಈ ಚಿತ್ರ ಬರೆದಾಗ ಅವನಿಗೆ 22-23 ವರ್ಷ, ಅಷ್ಟೆ.

ಕಥೆ ಬೈಬಲ್ಲಿನದು, ಲೂಕನ ಸುವಾರ್ತೆಯ 24ನೇ ಅಧ್ಯಾಯ. ಯೇಸುವನ್ನು ಶಿಲುಬೆಗೆ ಹಾಕಿ ಮೂರನೇ ದಿನ. ಇಬ್ಬರು ಶಿಷ್ಯರು ಮುಖ ಸಪ್ಪಗೆ ಮಾಡಿಕೊಂಡು ಎಮ್ಮಾಹು ಅನ್ನೋ ಹಳ್ಳಿಗೆ ನಡೆದು ಹೋಗುತ್ತಿರುತ್ತಾರೆ. ದಾರಿಯಲ್ಲಿ ಯಾರೋ ಒಬ್ಬ ಜೊತೆಯಾಗುತ್ತಾನೆ. ಹೊತ್ತು ಮುಳುಗಿತು, ನಮ್ಮ ಜೊತೆಗೇ ಉಳಿದುಕೋ ಅಂತ ಇವರೇ ಬಲವಂತ ಮಾಡುತ್ತಾರೆ. ಊಟಕ್ಕೆ ಕೂತು ಅವನು ರೊಟ್ಟಿ ಮುರಿದು ಕೊಟ್ಟಾಗ ಗೊತ್ತಾಗುತ್ತದೆ, ಅಯ್ಯೋ, ಇವನು ಯೇಸು! ಗೊತ್ತಾದದ್ದೇ ತಡ, ಅವನು ಮಾಯ.

ಈಗ ಚಿತ್ರ ನೋಡು. ಬಲಗಡೆ ಯೇಸು ಪಕ್ಕಕ್ಕೆ ಮುಖ ಮಾಡಿ ಕೂತಿದ್ದಾನೆ, ಹೆಚ್ಚುಕಮ್ಮಿ ಪೂರ್ತಿ ಕಪ್ಪು. ದೀಪ ಅವನ ಹಿಂದೆ ಎಲ್ಲೋ ಇದೆ, ನಮಗೆ ಕಾಣುವುದಿಲ್ಲ. ಹಣೆ, ಮೂಗು, ಗಡ್ಡದ ಅಂಚು ಮಾತ್ರ ಹಿಂದಿನ ಗೋಡೆಯ ಬೆಳಕಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎದ್ದು ಕಾಣುತ್ತದೆ. ಬೆಳಕು ಬಿದ್ದಿರುವುದು ಮೇಜಿನ ಆಚೆ ಕೂತ ಶಿಷ್ಯನ ಮುಖಕ್ಕೆ. ಪಾಪ, ಕಣ್ಣುಗುಡ್ಡೆ ಕಿತ್ತು ಬರೋ ಹಾಗೆ ನೋಡುತ್ತಾ ಹಿಂದಕ್ಕೆ ಸರಿದಿದ್ದಾನೆ. ನಾವು ಯಾರನ್ನು ನೋಡೋಕೆ ಬಂದೆವೋ ಅವನ ಮುಖ ಸಿಗುವುದೇ ಇಲ್ಲ, ನೋಡಿದವನ ಮುಖ ನೋಡಿಕೊಂಡೇ ತಿಳಿದುಕೊಳ್ಳಬೇಕು. ಇನ್ನೊಂದು ಗಳಿಗೆಗೆ ಮಾಯವಾಗುವವನು ಈಗಲೇ ಅರ್ಧ ನೆರಳಾಗಿಬಿಟ್ಟಿದ್ದಾನೆ, ಅಲ್ವಾ?

ಇನ್ನೊಬ್ಬ ಶಿಷ್ಯ ಎಲ್ಲಿ ಅಂತ ನಾನು ಸುಮಾರು ಹೊತ್ತು ಹುಡುಕಿದೆ. ಫೋನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿದ ಮೇಲೆ ಸಿಕ್ಕಿದ. ಯೇಸುವಿನ ಕಾಲ ಬಳಿ, ಗವ್ವೆನ್ನೋ ಕತ್ತಲಲ್ಲಿ ಮಂಡಿಯೂರಿದ್ದಾನೆ. ಎದ್ದ ರಭಸಕ್ಕೆ ಕುರ್ಚಿ ಉರುಳಿದೆ.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಎಡಗಡೆ ದೂರದಲ್ಲಿರುವ ಹೆಂಗಸು. ಅವಳಿಗೆ ಬೇರೆಯೇ ಒಂದು ಸಣ್ಣ ಬೆಳಕು. ಅದರ ಮುಂದೆ ಅವಳೂ ಯೇಸುವಿನ ಹಾಗೇ ಕಪ್ಪು ಆಕಾರ. ಬಗ್ಗಿ ಅಡುಗೆ ಕೆಲಸ ಮಾಡುತ್ತಿದ್ದಾಳೆ. ಈಚೆ ಇಷ್ಟೆಲ್ಲ ನಡೆಯುತ್ತಿದೆ ಅನ್ನೋ ಸುಳಿವೂ ಅವಳಿಗಿಲ್ಲ.

ಇಷ್ಟೆಲ್ಲ ಇರುವ ಚಿತ್ರ ಒಂದೂವರೆ ಅಡಿ ಅಗಲವೂ ಇಲ್ಲ ಮಾರಾಯ! ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು, ಆ ಕಾಗದವನ್ನು ಹಲಗೆಗೆ ಅಂಟಿಸಿದ್ದಾರೆ. ಈಗ ಪ್ಯಾರಿಸ್‌ನ ಜಾಕ್ಮಾರ್-ಆಂದ್ರೆ ಮ್ಯೂಸಿಯಂನಲ್ಲಿದೆ. ಅದೇ ಊರಿನ ಲೂವ್ರ್ ಮ್ಯೂಸಿಯಂನಲ್ಲಿ ಅವನದೇ ಇನ್ನೊಂದು ಎಮ್ಮಾಹು ಇದೆ, 1648ರದು. ಅದರಲ್ಲಿ ಯೇಸು ನಮ್ಮ ಕಡೆಗೇ ತಿರುಗಿ ಕೂತಿದ್ದಾನೆ, ತಲೆಯ ಸುತ್ತ ಮೆತ್ತನೆಯ ಬೆಳಕು, ಯಾರೂ ಎದ್ದು ಬಿದ್ದಿಲ್ಲ. ದೊಡ್ಡ ಚಿತ್ರವೇ ಅದು, ಇಲ್ಲ ಅನ್ನೋಲ್ಲ. ಆದರೂ ನನ್ನ ವೋಟು ಹುಡುಗನಾಗಿದ್ದಾಗ ಬರೆದದ್ದಕ್ಕೇ.

ಎರಡೂ ನಿನ್ನ ವಾಟ್ಸಾಪ್‌ಗೆ ಹಾಕಿದ್ದೀನಿ. ರಾತ್ರಿ ಲೈಟ್ ಆರಿಸಿ ನೋಡು, ಆ ಕುರ್ಚಿ ಸಿಕ್ಕಿತಾ ಹೇಳು.

ನಿನ್ನ,
ಗೆಳೆಯ